ಯಂತ್ರಕ್ಕಿಂತ ಮೊದಲು ಪುಸ್ತಕದ ಪಟ್ಟಿ

ಇ-ರೀಡರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವುದು ಒಳ್ಳೆಯದು?’ ಎಂದು. ಉತ್ತರ ಕೊಡುವವರಿಗೆ ಕೊರತೆಯಿಲ್ಲ. ಪರದೆ ಎಷ್ಟು ಇಂಚು, ಮೆಮೊರಿ ಎಷ್ಟು ಜಿಬಿ, ನೀರು ಬಿದ್ದರೆ ತಡೆಯುತ್ತದೆಯೇ ಎಂದು ಎಲ್ಲರೂ ಲೆಕ್ಕ ಒಪ್ಪಿಸುತ್ತಾರೆ. ಕನ್ನಡ ಓದುಗರು ಮಾತ್ರ ಈ ಲೆಕ್ಕಕ್ಕೆ ಇಳಿಯುವ ಮೊದಲು ಒಂದು ಕೆಲಸ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಹಾಳೆಯಲ್ಲಿ, ಕಳೆದ ವರ್ಷ ನೀವು ನಿಜವಾಗಿ ಓದಿ ಮುಗಿಸಿದ ಪುಸ್ತಕಗಳನ್ನೂ ಈ ವರ್ಷ ಓದಬೇಕೆಂದಿರುವ ಪುಸ್ತಕಗಳನ್ನೂ ಬರೆಯಿರಿ. ಪ್ರತಿಯೊಂದರ ಎದುರು ಅದು ಯಾವ ಭಾಷೆಯದು, ಡಿಜಿಟಲ್ ರೂಪದಲ್ಲಿ ಎಲ್ಲಿ ಸಿಗುತ್ತದೆ, ಸಿಕ್ಕರೆ ಯಾವ ಬಗೆಯ ಫೈಲಾಗಿ ಸಿಗುತ್ತದೆ ಎಂದು ಗುರುತು ಹಾಕಿಕೊಳ್ಳಿ. ಯಾವ ಯಂತ್ರ ಬೇಕು, ಅಥವಾ ಯಂತ್ರವೇ ಬೇಡವೇ ಎಂಬುದನ್ನು ಮುಕ್ಕಾಲು ಪಾಲು ಈ ಹಾಳೆಯೇ ತೀರ್ಮಾನಿಸುತ್ತದೆ. ಇಂಗ್ಲಿಷ್ ಓದುಗರಿಗೆ ಈ ಕಷ್ಟವಿಲ್ಲ. ಅವರು ಯಾವ ಯಂತ್ರ ಕೊಂಡರೂ ಪುಸ್ತಕ ಸಿಗುತ್ತದೆ. ನಮಗೆ ಹಾಗಲ್ಲ. ಅದೇಕೆ ಎಂದು ನೋಡುವ ಮೊದಲು ಈ ಯಂತ್ರಕ್ಕೂ ಕೈಯಲ್ಲಿರುವ ಫೋನಿಗೂ ಇರುವ ವ್ಯತ್ಯಾಸ ತಿಳಿದಿರಬೇಕು.

ಫೋನಿನ ಪರದೆ ಬೆಳಕನ್ನು ನೇರವಾಗಿ ನಮ್ಮ ಕಣ್ಣಿನತ್ತ ಚೆಲ್ಲುತ್ತದೆ. ಇ-ರೀಡರಿನ ಪರದೆ ತಾನಾಗಿ ಬೆಳಗುವುದಿಲ್ಲ. ಅದರೊಳಗೆ ತಲೆಕೂದಲಿನ ದಪ್ಪದಷ್ಟಿರುವ ಲಕ್ಷಾಂತರ ಗುಳಿಗೆಗಳಿವೆ. ಒಂದೊಂದು ಗುಳಿಗೆಯ ತಿಳಿದ್ರವದಲ್ಲಿ ಬಿಳಿ ಮತ್ತು ಕಪ್ಪು ಕಣಗಳು ತೇಲುತ್ತಿರುತ್ತವೆ. ಬಿಳಿ ಕಣಗಳಿಗೆ ಧನ ವಿದ್ಯುದಂಶ, ಕಪ್ಪಿಗೆ ಋಣ. ಕೆಳಗಿನಿಂದ ವಿದ್ಯುತ್ ಕ್ಷೇತ್ರ ಬದಲಿಸಿದರೆ ಒಂದು ಬಣ್ಣ ಮೇಲೇರುತ್ತದೆ, ಇನ್ನೊಂದು ತಳಕ್ಕೆ ಇಳಿಯುತ್ತದೆ. ಹೀಗೆ ಮೂಡಿದ ಅಕ್ಷರವನ್ನು ನಾವು ನೋಡುವುದು ಕೋಣೆಯ ಬೆಳಕು ಅದರ ಮೇಲೆ ಬಿದ್ದು ಮರಳಿದಾಗ, ಅಂದರೆ ಕಾಗದವನ್ನು ನೋಡುವ ರೀತಿಯಲ್ಲೇ. ಒಮ್ಮೆ ಮೂಡಿದ ಪುಟ ಹಾಗೇ ನಿಲ್ಲಲು ವಿದ್ಯುತ್ ಬೇಕಾಗಿಲ್ಲ, ಪುಟ ತಿರುಗಿಸಿದಾಗ ಮಾತ್ರ ಬೇಕು. ವಾರಗಟ್ಟಲೆ ಚಾರ್ಜ್ ಮಾಡದೆ ಓದಲು ಆಗುವುದು ಇದರಿಂದ. ಬಿಸಿಲಿನಲ್ಲಿ ಫೋನಿನ ಪರದೆ ಮಂಕಾದರೆ, ಇದು ಇನ್ನಷ್ಟು ಸ್ಪಷ್ಟವಾಗುತ್ತದೆ.

ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಹುಟ್ಟಿದ ಈ ತಂತ್ರಕ್ಕೆ 1997ರಲ್ಲಿ ‘ಇ ಇಂಕ್’ ಎಂಬ ಕಂಪನಿಯೇ ಶುರುವಾಯಿತು. ಇದನ್ನು ಬಳಸಿದ ಮೊದಲ ಓದುಯಂತ್ರವನ್ನು 2004ರಲ್ಲಿ ಸೋನಿ ಜಪಾನಿನಲ್ಲಿ ಮಾರಿತು. 2007ರ ನವೆಂಬರಿನಲ್ಲಿ ಅಮೆಜಾನ್ ಕಿಂಡಲ್ ತಂದ ಮೇಲೆ ಜನ ಇದನ್ನು ಗಮನಿಸತೊಡಗಿದರು. ಈಗಿನ ಬಹುತೇಕ ಎಲ್ಲ ಇ-ರೀಡರುಗಳ ಪರದೆ ಅದೇ ಇ ಇಂಕ್ ಕಂಪನಿಯದು. ಆದ್ದರಿಂದ ಪರದೆಯ ಗುಣಮಟ್ಟದ ಬಗ್ಗೆ ಬ್ರ್ಯಾಂಡ್‌ಗಳ ನಡುವೆ ನಡೆಯುವ ಜಗಳಕ್ಕೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಇಂಚಿಗೆ 300 ಚುಕ್ಕಿ ಇದ್ದರೆ ಕನ್ನಡದ ಸಣ್ಣ ಒತ್ತುಗಳೂ ಮೊನಚಾಗಿ ಕಾಣುತ್ತವೆ. ಅದಕ್ಕಿಂತ ಕಡಿಮೆಯದನ್ನು ಈಗ ಕೊಳ್ಳಬೇಡಿ.

ರಾತ್ರಿ ಓದುವವರಿಗಾಗಿ ಪರದೆಯ ಅಂಚಿನಲ್ಲಿ ಪುಟ್ಟ ಎಲ್‌ಇಡಿಗಳಿರುತ್ತವೆ. ಮೇಜಿನ ದೀಪ ಪುಸ್ತಕದ ಮೇಲೆ ಬೀಳುವಂತೆ ಅವುಗಳ ಬೆಳಕು ಪುಟದ ಮೇಲೆ ಹರಡುತ್ತದೆ, ಹಿಂದಿನಿಂದ ಕಣ್ಣಿಗೆ ನುಗ್ಗುವುದಿಲ್ಲ. ಮಲಗುವ ಮುನ್ನ ಬೆಳಗುವ ಪರದೆಯಲ್ಲಿ ಓದಿದರೆ ನಿದ್ದೆ ಬರುವುದು ತಡವಾಗುತ್ತದೆ ಎಂದು ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇ-ರೀಡರ್ ವಿರುದ್ಧ ಹಲವರು ಎತ್ತಿ ಹೇಳುತ್ತಾರೆ. ಆ ಅಧ್ಯಯನದಲ್ಲಿ ಬಳಸಿದ್ದು ಐಪ್ಯಾಡ್, ಅದೂ ಪೂರ್ತಿ ಬೆಳಕಿನಲ್ಲಿ. ಭಾಗವಹಿಸಿದವರು 12 ಜನ. ಬೆಳಕನ್ನು ತಗ್ಗಿಸಿ, ಹಳದಿ ಬಣ್ಣಕ್ಕೆ ತಿರುಗಿಸಿಕೊಂಡ ಇ-ಇಂಕ್ ಪರದೆಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ಇಷ್ಟೆಲ್ಲ ಗುಣಗಳಿದ್ದರೂ ಈ ಯಂತ್ರ ಕನ್ನಡದವರ ಕೈಗೆ ಯಾಕೆ ಹೆಚ್ಚು ಬರಲಿಲ್ಲ? 2016ರ ಡಿಸೆಂಬರಿನಲ್ಲಿ ಅಮೆಜಾನ್ ತನ್ನ ಕಿಂಡಲ್ ಮಳಿಗೆಯಲ್ಲಿ ಭಾರತೀಯ ಭಾಷೆಗಳ ಪುಸ್ತಕ ಮಾರಲು ಶುರುಮಾಡಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದಕ್ಕೆ ಜಾಗ ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ. ತಮಿಳಿನ ಲೇಖಕರು ತಮ್ಮ ಕಾದಂಬರಿಯನ್ನು ತಾವೇ ಕಿಂಡಲ್‌ಗೆ ಏರಿಸಿ ಓದುಗರನ್ನು ಸಂಪಾದಿಸುತ್ತಿದ್ದ ಕಾಲದಲ್ಲಿ ನಮ್ಮ ಲೇಖಕರಿಗೆ ಆ ಬಾಗಿಲು ಮುಚ್ಚಿತ್ತು. ಹೀಗಾಗಿ ಕನ್ನಡದ ಇ-ಪುಸ್ತಕ ಬೆಳೆದದ್ದು ಫೋನಿನ ಆಪ್‌ಗಳಲ್ಲಿ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕಗಳು ಬಂದವು, 2020ರಲ್ಲಿ ಮೈಲ್ಯಾಂಗ್ ಬುಕ್ಸ್ ಶುರುವಾಯಿತು, ವಿವಿಡ್‌ಲಿಪಿ ಇದೆ, ಕತೆ ಮತ್ತು ಧಾರಾವಾಹಿ ಓದುವವರಿಗೆ ಪ್ರತಿಲಿಪಿ ಇದೆ. ಇವು ಮಾಡಿದ ಕೆಲಸ ದೊಡ್ಡದು. ಊರಿನಲ್ಲಿ ಪುಸ್ತಕದಂಗಡಿಯೇ ಇಲ್ಲದವರಿಗೂ, ಕ್ಯಾಲಿಫೋರ್ನಿಯಾದಲ್ಲೋ ದುಬೈಯಲ್ಲೋ ಕೂತು ಪುಸ್ತಕದ ಬೆಲೆಗಿಂತ ಅಂಚೆವೆಚ್ಚವೇ ಹೆಚ್ಚು ಕೊಡಬೇಕಾಗಿದ್ದವರಿಗೂ ಹೊಸ ಕನ್ನಡ ಪುಸ್ತಕ ಬಿಡುಗಡೆಯಾದ ವಾರದಲ್ಲೇ ಸಿಗುವಂತಾಯಿತು. ಆದರೆ ಆಪ್‌ನಲ್ಲಿ ಕೊಂಡ ಪುಸ್ತಕವನ್ನು ಸಾಮಾನ್ಯವಾಗಿ ಆ ಆಪ್‌ನಲ್ಲೇ ಓದಬೇಕು. ಕಿಂಡಲ್‌ನಲ್ಲಿ ಬೇರೆ ಕಂಪನಿಯ ಆಪ್ ಹಾಕಿಕೊಳ್ಳಲು ಬರುವುದಿಲ್ಲ. ಜಪಾನಿನ ರಾಕುಟೆನ್ ಒಡೆತನದ ಕೆನಡಾ ಕಂಪನಿ ಕೋಬೋದ ಯಂತ್ರಗಳಲ್ಲೂ ಬರುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಹೆಚ್ಚಿನವು ಹೊಸ ಕನ್ನಡ ಪುಸ್ತಕಗಳಾಗಿದ್ದರೆ ಉಳಿಯುವ ದಾರಿ ಎರಡು: ಫೋನ್ ಅಥವಾ ಟ್ಯಾಬ್‌ನಲ್ಲಿ ಓದುವುದು, ಇಲ್ಲವೇ ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರ ಕೊಳ್ಳುವುದು. ಚೀನಾದ ಆನಿಕ್ಸ್ ಕಂಪನಿಯ ‘ಬೂಕ್ಸ್’ ಈ ಎರಡನೆಯ ಜಾತಿಯದು. ಅದರಲ್ಲಿ ಗೂಗಲ್ ಪ್ಲೇ ಸ್ಟೋರ್ ತೆರೆದು ಕನ್ನಡದ ಆಪ್‌ಗಳನ್ನು ಹಾಕಿಕೊಳ್ಳಬಹುದು, ಕಿಂಡಲ್ ಆಪನ್ನೂ ಹಾಕಿಕೊಂಡು ಇಂಗ್ಲಿಷ್ ಪುಸ್ತಕ ಓದಬಹುದು. ಕನ್ನಡವನ್ನೂ ಇಂಗ್ಲಿಷನ್ನೂ ಸಮವಾಗಿ ಓದುವವರಿಗೆ ನಾನು ಹೇಳುವುದು ಇದನ್ನೇ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬ್ಯಾಟರಿ ಕಿಂಡಲ್‌ನಷ್ಟು ದಿನ ಬಾಳುವುದಿಲ್ಲ. ಫೋನಿಗೆಂದು ಮಾಡಿದ ಆಪ್‌ಗಳಲ್ಲಿ ಪುಟ ಜಾರಿಸಿದಾಗ ಹಿಂದಿನ ಪುಟದ ಮಸುಕು ನೆರಳು ಉಳಿಯುತ್ತದೆ, ಅದನ್ನು ಅಳಿಸಲು ಪರದೆ ಆಗಾಗ ಮಿನುಗಬೇಕಾಗುತ್ತದೆ. ಸೆಟ್ಟಿಂಗುಗಳಲ್ಲಿ ಕೈಯಾಡಿಸುವ ತಾಳ್ಮೆ ಇಲ್ಲದವರಿಗೆ ಇದು ಕಿರಿಕಿರಿ. ಕೆಟ್ಟರೆ ನಿಮ್ಮ ಊರಿಗೆ ಹತ್ತಿರದ ಸರ್ವಿಸ್ ಎಲ್ಲಿ ಎಂದು ದುಡ್ಡು ಕೊಡುವ ಮೊದಲೇ ಕೇಳಿಕೊಳ್ಳಿ.

ಪಟ್ಟಿಯ ಬಹುಪಾಲು ಇಂಗ್ಲಿಷ್ ಕಾದಂಬರಿ, ಚರಿತ್ರೆ, ಜೀವನಚರಿತ್ರೆಗಳಾಗಿದ್ದರೆ ಹೆಚ್ಚು ಯೋಚಿಸಬೇಕಾದ್ದಿಲ್ಲ. ಆರೇಳು ಇಂಚಿನ, ಬೆಳಕಿರುವ, ಬಣ್ಣವಿಲ್ಲದ ಕಿಂಡಲ್ ಅಥವಾ ಕೋಬೋ ಸಾಕು. ಮೆಮೊರಿಗೆ ಹೆಚ್ಚು ಹಣ ಕೊಡಬೇಡಿ, ಬರೀ ಅಕ್ಷರಗಳ ಪುಸ್ತಕಕ್ಕೆ ಜಾಗ ಬಹಳ ಕಡಿಮೆ ಸಾಕು. ಬಣ್ಣದ ಪರದೆಯ ಆಸೆಯನ್ನು ಮಕ್ಕಳ ಚಿತ್ರಪುಸ್ತಕವೋ ಕಾಮಿಕ್ಸೋ ಓದುವವರು ಮಾತ್ರ ಇಟ್ಟುಕೊಳ್ಳಲಿ. ಈಗ ಬಳಕೆಯಲ್ಲಿರುವ ‘ಕಲೈಡೊ 3’ ಬಗೆಯ ಪರದೆಯಲ್ಲಿ ಕಪ್ಪು ಅಕ್ಷರಕ್ಕೆ ಇಂಚಿಗೆ 300 ಚುಕ್ಕಿ ಇದ್ದರೂ ಬಣ್ಣಕ್ಕೆ ಇರುವುದು 150. ಬಣ್ಣ ಕೊಡುವ ಪದರ ಮೇಲೆ ಕೂರುವುದರಿಂದ ಪುಟದ ಬಿಳುಪೂ ಒಂದಿಷ್ಟು ಬೂದಿಗೆ ತಿರುಗುತ್ತದೆ.

ಹೊಸ ಪುಸ್ತಕಗಳ ಕತೆ ಇದಾದರೆ, ಹಳೆಯ ಕನ್ನಡ ಪುಸ್ತಕಗಳದು ಇನ್ನೊಂದು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಯೋಜನೆಯಲ್ಲಿ ಕನ್ನಡದ ಹಳೆಯ ಪುಸ್ತಕಗಳೂ ಬಹಳಷ್ಟು ಸ್ಕ್ಯಾನ್ ಆದವು. ಅವುಗಳ ಪ್ರತಿಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲೂ ರಾಜ್ಯ ಸರ್ಕಾರದ ‘ಕಣಜ’ದಲ್ಲೂ ಉಚಿತವಾಗಿ ಓದಲು ಬೇಕಾದಷ್ಟಿದೆ. ಸಂಶೋಧನೆ ಮಾಡುವವರಿಗೆ, ಮೇಷ್ಟ್ರುಗಳಿಗೆ, ಹಳಗನ್ನಡದ ಆಸಕ್ತರಿಗೆ ಇದೊಂದು ಭಂಡಾರ. ಆದರೆ ಇಲ್ಲಿ ಸಿಗುವುದರಲ್ಲಿ ಹೆಚ್ಚಿನವು ಪಿಡಿಎಫ್, ಅದರಲ್ಲೂ ಸ್ಕ್ಯಾನ್ ಮಾಡಿದವು ಪುಟದ ಫೋಟೋಗಳೇ ಹೊರತು ಅಕ್ಷರಗಳಲ್ಲ. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಗೆ ತಕ್ಕಂತೆ ಮುರಿದು ಕೂರುವುದಿಲ್ಲ. ಇಡೀ ಪುಟವೇ ದೊಡ್ಡದಾಗಿ ಅಂಚು ಪರದೆಯಾಚೆ ಹೋಗುತ್ತದೆ.

ಇಲ್ಲಿ ಪರದೆಯ ಅಳತೆಯೇ ಎಲ್ಲ. ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ‘ಡೆಮಿ 1/8’ ಎಂದು ಅಚ್ಚಾಗಿರುವುದನ್ನು ನೋಡಿರುತ್ತೀರಿ. ಆ ಪುಟ ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. 6 ಇಂಚಿನ ಇ-ರೀಡರಿನ ಪರದೆ ಸುಮಾರು 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಇಡೀ ಪುಟ ಅದರಲ್ಲಿ ಹಿಡಿಸಬೇಕಾದರೆ ಅಕ್ಷರ ಅಸಲಿನ ಅರ್ಧಕ್ಕಿಂತ ತುಸು ದೊಡ್ಡದಾಗಿ ಮಾತ್ರ ಕಾಣುತ್ತದೆ. ಇಂಗ್ಲಿಷ್ ಅಕ್ಷರವಾದರೆ ಹೇಗೋ ಓದಬಹುದು, ಒತ್ತಿನ ಕೆಳಗೆ ಇನ್ನೊಂದು ಒತ್ತು ಕೂತಿರುವ ಕನ್ನಡವನ್ನು ಹಾಗೆ ಓದುವುದು ಕಣ್ಣಿಗೆ ಹಿಂಸೆ. 7.8 ಇಂಚಿನ ಪರದೆಯಲ್ಲಿ ಅದೇ ಪುಟ ಮುಕ್ಕಾಲು ಗಾತ್ರಕ್ಕೆ ಬರುತ್ತದೆ, ಖಾಲಿ ಅಂಚು ಕತ್ತರಿಸುವ ಸೌಲಭ್ಯ ಬಳಸಿದರೆ ಇನ್ನೂ ಚೆನ್ನ. 10.3 ಇಂಚಿನದರಲ್ಲಿ ಅಚ್ಚಿನ ಪುಸ್ತಕದ ಗಾತ್ರದಲ್ಲೇ ಓದಬಹುದು. ಪಿಡಿಎಫ್ ಓದುವವರು 10 ಇಂಚಿಗಿಂತ ಕಡಿಮೆಯದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ದೊಡ್ಡ ಪರದೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಪೆನ್ನೂ ಬರುತ್ತದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗೆ, ಅಂಚಿನಲ್ಲಿ ಟಿಪ್ಪಣಿ ಮಾಡುತ್ತಾ ಓದುವವರಿಗೆ ಅದು ನಿಜವಾಗಿಯೂ ಉಪಯೋಗ. ತೂಕ ಮಾತ್ರ ಏರುತ್ತದೆ. 6 ಇಂಚಿನ ಸಾದಾ ಕಿಂಡಲ್ 158 ಗ್ರಾಂ ಇದ್ದರೆ, 10.2 ಇಂಚಿನ ಮೊದಲ ಕಿಂಡಲ್ ಸ್ಕ್ರೈಬ್ 433 ಗ್ರಾಂ. ಮಲಗಿಕೊಂಡು ಒಂದು ಕೈಯಲ್ಲಿ ಹಿಡಿದು ಓದುವವರಿಗೆ ಆ ಗಾತ್ರ ಒಗ್ಗುವುದಿಲ್ಲ.

ಆಪ್ ಮತ್ತು ಪಿಡಿಎಫ್ ಆದ ಮೇಲೆ ಮೂರನೆಯದು, ಇಪಬ್ ಎಂಬ ಫೈಲು. ಇದರಲ್ಲಿ ಪುಟದ ಫೋಟೋ ಇರುವುದಿಲ್ಲ, ಅಕ್ಷರಗಳೇ ಇರುತ್ತವೆ. ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲು ಪರದೆಯ ಅಗಲಕ್ಕೆ ಸರಿಯಾಗಿ ಕೂರುತ್ತದೆ. ಅರವತ್ತು ದಾಟಿದವರಿಗೆ, ಕಣ್ಣಿನ ಪೊರೆಯ ತೊಂದರೆ ಇರುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಕನ್ನಡದಲ್ಲಿ ಇಪಬ್ ಇನ್ನೂ ಕಡಿಮೆ ಇರುವುದಕ್ಕೆ ಒಂದು ಹಳೆಯ ಕಾರಣವಿದೆ. ನಮ್ಮ ಪ್ರಕಾಶಕರು ದಶಕಗಟ್ಟಲೆ ಪುಸ್ತಕಗಳನ್ನು ಡಿಟಿಪಿ ಮಾಡಿಸಿದ್ದು ಪೇಜ್‌ಮೇಕರ್‌ನಲ್ಲಿ, ಶ್ರೀಲಿಪಿ, ನುಡಿ, ಬರಹದ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳ ಒಳಗೆ ಇರುವುದು ನಿಜವಾದ ಕನ್ನಡ ಸಂಕೇತಗಳಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ. ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿದ್ದರೂ ಅಚ್ಚಿನ ಮನೆಗಳು ಅದಕ್ಕೆ ಬರಲು ಬಹಳ ಕಾಲ ಹಿಡಿಯಿತು. ಹಳೆಯ ಫೈಲನ್ನು ಯುನಿಕೋಡ್‌ಗೆ ಬದಲಿಸುವ ಉಪಕರಣಗಳಿವೆ, ಬದಲಿಸಿದ ಮೇಲೆ ಒಬ್ಬರು ಕೂತು ಕರಡು ತಿದ್ದಬೇಕು. ಆ ಕೂಲಿಗೆ ಹೆದರಿ ಎಷ್ಟೋ ಪ್ರಕಾಶಕರು ಪಿಡಿಎಫ್‌ಗೇ ನಿಂತುಬಿಟ್ಟಿದ್ದಾರೆ. ಪ್ರಾಧಿಕಾರ, ಅಕಾಡೆಮಿ, ವಿಶ್ವವಿದ್ಯಾಲಯಗಳಂಥ ಸಾರ್ವಜನಿಕ ಹಣದ ಪ್ರಕಟಣೆಗಳಾದರೂ ಪಿಡಿಎಫ್ ಜೊತೆಗೆ ಯುನಿಕೋಡ್ ಇಪಬ್ ಕೊಡಲೇಬೇಕು ಎಂದು ನಾವು ಒತ್ತಾಯಿಸಬೇಕು. ಕಣ್ಣು ಕಾಣದವರಿಗೆ ಪುಸ್ತಕವನ್ನು ಫೋನಿನ ದನಿ ನೇರವಾಗಿ ಓದಿ ಹೇಳುವುದು ಅಕ್ಷರಗಳು ಯುನಿಕೋಡ್‌ನಲ್ಲಿದ್ದಾಗಲೇ. ಆಂಡ್ರಾಯ್ಡ್‌ನಲ್ಲಿ ಕನ್ನಡ ಓದುವ ದನಿ ಈಗಾಗಲೇ ಇದೆ, ಅದಕ್ಕೆ ಓದಲು ಕೊಡುವ ಪುಸ್ತಕಗಳದೇ ಕೊರತೆ.

ಇಪಬ್ ಸಿಕ್ಕಿದರೂ ಯಂತ್ರ ಅದನ್ನು ಸರಿಯಾಗಿ ಬರೆದು ತೋರಿಸಬೇಕಲ್ಲ. ‘ಸ್ವಾತಂತ್ರ್ಯ’ ಎಂಬ ಪದದ ಕೊನೆಯ ಅಕ್ಷರ ಫೈಲಿನೊಳಗೆ ತ, ಹಲಂತ, ರ, ಹಲಂತ, ಯ ಎಂದು ಐದು ತುಂಡುಗಳಾಗಿ ಇರುತ್ತದೆ. ಅವನ್ನು ಕೂಡಿಸಿ ರ ಮತ್ತು ಯ ಒತ್ತುಗಳನ್ನು ತಕಾರಕ್ಕೆ ಹೊಂದಿಸಿ ಕೂರಿಸುವುದು ಯಂತ್ರದ ಸಾಫ್ಟ್‌ವೇರಿನ ಕೆಲಸ. ‘ಕರ್ನಾಟಕ’ದಲ್ಲಿ ಇನ್ನೊಂದು ತೊಡಕು. ಫೈಲಿನಲ್ಲಿ ರಕಾರ ಮೊದಲು, ನಕಾರ ಆಮೇಲೆ. ಪರದೆಯಲ್ಲಿ ಅರ್ಕಾವತ್ತಾಗಿ ಅದು ‘ನಾ’ದ ಆಚೆ ಬರಬೇಕು. ಸಾಫ್ಟ್‌ವೇರಿಗೆ ಈ ನಿಯಮ ಗೊತ್ತಿಲ್ಲದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಸಾಲಿನಲ್ಲಿ ನಿಲ್ಲುತ್ತವೆ. ಫಾಂಟೇ ಇಲ್ಲದಿದ್ದರೆ ಬರೀ ಚೌಕಗಳು. ಚೌಕಗಳಿಗೆ ಮದ್ದು ಸುಲಭ: ಕಿಂಡಲ್‌ನಲ್ಲೂ ಕೋಬೋದಲ್ಲೂ ‘ಫಾಂಟ್ಸ್’ ಎಂಬ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡದಂಥ ಉಚಿತ ಫಾಂಟನ್ನು ಕೇಬಲ್ ಮೂಲಕ ಹಾಕಿ ಆರಿಸಿಕೊಳ್ಳಬಹುದು. ಬಿಡಿಯಾದ ಒತ್ತುಗಳಿಗೆ ಆ ಮದ್ದು ತಾಗುವುದಿಲ್ಲ. ‘ಭಾರತೀಯ ಭಾಷೆಗಳಿಗೆ ಬೆಂಬಲವಿದೆ’ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನಂಬಿ ಯಾರೂ ಹಣ ಕೊಡಬಾರದು, ಕನ್ನಡದ ಒಂದು ಪುಟವನ್ನು ಕಣ್ಣಾರೆ ನೋಡಬೇಕು.

ಫೈಲುಗಳನ್ನು ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಿಸಲು, ಲೇಖಕರ ಹೆಸರಿನಲ್ಲಿ ಜೋಡಿಸಿಡಲು, ಯಂತ್ರಕ್ಕೆ ಕಳಿಸಲು ‘ಕ್ಯಾಲಿಬರ್’ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಭಾರತೀಯ ಮೂಲದ ಕೋವಿದ್ ಗೋಯಲ್ ತಮ್ಮ ಸೋನಿ ರೀಡರಿಗಾಗಿ 2006ರಲ್ಲಿ ಬರೆಯತೊಡಗಿದ್ದು ಈಗ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಪುಸ್ತಕಗಳು ಕಂಪನಿಯ ಕಪಾಟಿನಲ್ಲಲ್ಲದೆ ನಿಮ್ಮ ಸ್ವಂತ ಕಂಪ್ಯೂಟರಿನಲ್ಲೂ ಇರಬೇಕು ಎನ್ನುವವರು ಇದನ್ನು ಕಲಿತುಕೊಳ್ಳಿ.

ಹಾಗೆ ಇರಬೇಕೆನ್ನುವುದು ಅತಿಯಾದ ಭಯವೇನಲ್ಲ. 2009ರ ಜುಲೈನಲ್ಲಿ, ಮಾರಿದವರಿಗೆ ಮಾರುವ ಹಕ್ಕಿರಲಿಲ್ಲ ಎಂದು ತಿಳಿದಾಗ ಅಮೆಜಾನ್ ಜಾರ್ಜ್ ಆರ್ವೆಲ್‌ರ ಎರಡು ಕಾದಂಬರಿಗಳನ್ನು ಗ್ರಾಹಕರ ಕಿಂಡಲ್‌ಗಳಿಂದ ದೂರದಲ್ಲೇ ಕೂತು ಅಳಿಸಿಹಾಕಿತು. ಹಣ ವಾಪಸ್ ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಯನ್ನೇ ಮುಚ್ಚಿದಾಗ ಜನ ಕೊಂಡಿದ್ದ ಪುಸ್ತಕಗಳೂ ಹೋದವು, ಅಲ್ಲೂ ಹಣ ಮರಳಿ ಬಂತು. 2025ರ ಫೆಬ್ರವರಿ ಕೊನೆಯಲ್ಲಿ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುವ ಸೌಲಭ್ಯವನ್ನು ಅಮೆಜಾನ್ ತೆಗೆದುಹಾಕಿತು. ಈ ಅಂಗಡಿಗಳಲ್ಲಿ ನಾವು ಕೊಳ್ಳುವುದು ಓದುವ ಪರವಾನಗಿಯನ್ನು, ಪುಸ್ತಕವನ್ನಲ್ಲ. ಒಮ್ಮೆ ಓದಿ ಮರೆಯುವ ಪತ್ತೇದಾರಿ ಕಾದಂಬರಿಗೆ ಇದರಿಂದ ನಷ್ಟವಿಲ್ಲ. ಮತ್ತೆ ಮತ್ತೆ ತೆರೆಯುವ, ಮಕ್ಕಳಿಗೆ ಉಳಿಯಬೇಕಾದ ಪುಸ್ತಕವನ್ನು ಕಾಗದದಲ್ಲೇ ಕೊಳ್ಳಿ ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ಬೀಗವಿಲ್ಲದ ಇಪಬ್ ಮಾರುವ ಪ್ರಕಾಶಕರು ಸಿಕ್ಕರೆ ಅವರನ್ನು ಬಿಡಬೇಡಿ.

ಹೊರದೇಶಗಳಲ್ಲಿರುವ ಕನ್ನಡಿಗರಿಗೆ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಅಮೆರಿಕ, ಕೆನಡಾಗಳ ಸಾರ್ವಜನಿಕ ಗ್ರಂಥಾಲಯಗಳು ಓವರ್‌ಡ್ರೈವ್ ಎಂಬ ಸೇವೆಯ ಮೂಲಕ ಇ-ಪುಸ್ತಕ ಎರವಲು ಕೊಡುತ್ತವೆ. ಕೋಬೋದ ಹಲವು ಮಾದರಿಗಳಲ್ಲಿ ಆ ಸೌಲಭ್ಯ ಯಂತ್ರದೊಳಗೇ ಇದೆ. ಕಿಂಡಲ್‌ಗೆ ಗ್ರಂಥಾಲಯದ ಪುಸ್ತಕ ಬರುವುದು ಅಮೆರಿಕದಲ್ಲಿ ಮಾತ್ರ. ಟೊರಾಂಟೊದಲ್ಲಿರುವವರು ಕೋಬೋ ಕೊಂಡು ಇಂಗ್ಲಿಷನ್ನು ಗ್ರಂಥಾಲಯದಿಂದ, ಕನ್ನಡವನ್ನು ಫೋನಿನ ಆಪ್‌ನಿಂದ ಓದುವುದು ಲಾಭದ ವ್ಯವಸ್ಥೆ.

ಪಟ್ಟಿ ಬರೆದು ಮುಗಿಸಿದಾಗ ವರ್ಷಕ್ಕೆ ನಾಲ್ಕೈದು ಕನ್ನಡ ಕಾದಂಬರಿಗಳಷ್ಟೇ ಕಂಡರೆ ಯಂತ್ರ ಕೊಳ್ಳಬೇಡಿ. 2025ರ ಏಪ್ರಿಲ್‌ನಲ್ಲಿ ಕಿಂಡಲ್ ಪೇಪರ್‌ವೈಟ್ ಭಾರತಕ್ಕೆ ಬಂದಾಗ ಅದರ ಬೆಲೆ 16,999 ರೂಪಾಯಿ. ಅಷ್ಟು ಹಣಕ್ಕೆ ಅಚ್ಚಿನ ಕನ್ನಡ ಪುಸ್ತಕಗಳ ಒಂದು ಕಪಾಟೇ ತುಂಬುತ್ತದೆ. ಫೋನಿನಲ್ಲೇ ಓದುವುದಾದರೆ ಆಪ್‌ನ ಹಿನ್ನೆಲೆಯನ್ನು ತಿಳಿಹಳದಿಗೆ ತಿರುಗಿಸಿ, ಸಾಲುಗಳ ನಡುವಿನ ಅಂತರ ಹೆಚ್ಚಿಸಿ (ಕನ್ನಡಕ್ಕೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ), ಓದುವ ಹೊತ್ತಿನಲ್ಲಿ ವಾಟ್ಸ್‌ಆ್ಯಪ್‌ನ ಸದ್ದು ನಿಲ್ಲಿಸಿ.

ಪಟ್ಟಿ ಉದ್ದವಿದ್ದು, ಯಂತ್ರ ಬೇಕೇ ಬೇಕು ಎಂದಾದರೆ, ಹಿಂದಿರುಗಿಸಲು ಎಷ್ಟು ದಿನ ಅವಕಾಶವಿದೆ ಎಂದು ಕೇಳಿಕೊಂಡೇ ಕೊಳ್ಳಿ. ಮನೆಗೆ ತಂದ ದಿನವೇ ಅದಕ್ಕೆ ಮೂರು ಫೈಲು ಹಾಕಿ. ಒಂದು, ‘ಸ್ವಾತಂತ್ರ್ಯ’, ‘ಕರ್ನಾಟಕ’, ‘ರಾಷ್ಟ್ರ’, ‘ಲಕ್ಷ್ಮಿ’ ಎಂಬ ಪದಗಳಿರುವ ಕನ್ನಡ ಇಪಬ್. ಎರಡು, ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿದ ಯಾವುದಾದರೂ ಹಳೆಯ ಕನ್ನಡ ಪುಸ್ತಕದ ಪಿಡಿಎಫ್. ಮೂರು, ನೀವು ಈಗ ಓದುತ್ತಿರುವ ಪುಸ್ತಕವೇ. ಆಂಡ್ರಾಯ್ಡ್ ಯಂತ್ರವಾದರೆ ನೀವು ಪುಸ್ತಕ ಕೊಳ್ಳುವ ಆಪ್ ಹಾಕಿ, ಲಾಗಿನ್ ಆಗಿ, ಕೊಂಡಿರುವ ಒಂದು ಪುಸ್ತಕ ತೆರೆದು ಇಪ್ಪತ್ತು ಪುಟ ತಿರುಗಿಸಿ. ನೀವು ಸಾಮಾನ್ಯವಾಗಿ ಓದುವ ಜಾಗದಲ್ಲಿ, ಓದುವ ಹೊತ್ತಿನಲ್ಲೇ ಇದನ್ನು ಮಾಡಿ: ಬಸ್ಸಿನಲ್ಲಿ ಓದುವವರು ಬಸ್ಸಿನಲ್ಲಿ, ಹಾಸಿಗೆಯಲ್ಲಿ ಓದುವವರು ಹಾಸಿಗೆಯಲ್ಲಿ. ಒತ್ತುಗಳು ತಮ್ಮ ಜಾಗದಲ್ಲಿ ಕೂರದಿದ್ದರೆ, ಪಿಡಿಎಫ್ ಓದಲು ಕನ್ನಡಕ ಸರಿಪಡಿಸಿಕೊಳ್ಳುತ್ತಲೇ ಇರಬೇಕಾದರೆ, ಸಾಫ್ಟ್‌ವೇರ್ ಅಪ್‌ಡೇಟ್ ಬಂದಾಗ ಎಲ್ಲ ಸರಿಹೋಗುತ್ತದೆ ಎಂದು ಕಾಯಬೇಡಿ. ಅವಧಿ ಮುಗಿಯುವುದರೊಳಗೆ ಬಿಲ್ಲಿನೊಂದಿಗೆ ವಾಪಸ್ ಮಾಡಿ.